ಮೊದಲ ಹಗ್ಗ ಕೊಳ್ಳುವ ಮುನ್ನ

ತಮ್ಮಾ, ಮರ ಹತ್ತಲು ಸಿಂಗಲ್ ರೋಪ್ ತೆಗೆದುಕೊಳ್ಳಲೋ ಡಬಲ್ ರೋಪ್ ತೆಗೆದುಕೊಳ್ಳಲೋ ಎಂದು ಕೇಳಿದ್ದೆಯಲ್ಲ, ಉತ್ತರ ಮೊದಲೇ ಹೇಳಿಬಿಡುತ್ತೇನೆ. ಡಬಲ್ ರೋಪಿನಿಂದ ಶುರು ಮಾಡು. ಅದರಲ್ಲೂ ದುಬಾರಿ ಮೆಕ್ಯಾನಿಕಲ್ ಸಾಧನ ಸದ್ಯಕ್ಕೆ ಬೇಡ, ಕೈಯಲ್ಲಿ ಕಟ್ಟುವ ಗಂಟೇ ಇರಲಿ. ಒಂದು ಬೇಸಿಗೆ, ಒಂದು ಮಳೆಗಾಲ ಅದರಲ್ಲೇ ದುಡಿ. ಸಿಂಗಲ್ ರೋಪಿಗೆ ಆಮೇಲೆ ಬಾ. ಬಂದೇ ಬರುತ್ತೀಯ, ಬರಲೂ ಬೇಕು. ಆದರೆ ದುಡ್ಡು ಕೊಡುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿಕೊ. ಮೇಲೆ ನಿನಗೆ ಪ್ರಜ್ಞೆ ತಪ್ಪಿದರೆ ಕೆಳಗಿಳಿಸುವವರು ಯಾರು, ಯಾವ ಹಗ್ಗದಲ್ಲಿ, ಎಷ್ಟು ಹೊತ್ತಿನಲ್ಲಿ? ಇದಕ್ಕೆ ಹೆಸರು ಹಿಡಿದು ಉತ್ತರ ಹೇಳಲು ಸಾಧ್ಯವಾದರೆ ಎರಡರಲ್ಲಿ ಯಾವುದಾದರೂ ನಡೆದೀತು. ಸಾಧ್ಯವಾಗದಿದ್ದರೆ ಎರಡೂ ನಡೆಯದು.

ನೀನು ಕೊನೆಗಾರನ ಮಗ. ಅಪ್ಪ ಕಾಲಿಗೆ ತಳೆ ಹಾಕಿಕೊಂಡು ಸರಸರ ಅಡಿಕೆ ಮರ ಏರುವುದು, ತುದಿಯಲ್ಲೇ ಮರ ಬಾಗಿಸಿ ಪಕ್ಕದ ಮರ ಹಿಡಿದು ದಾಟುವುದು, ಇದನ್ನೆಲ್ಲ ನೋಡಿಕೊಂಡೇ ಬೆಳೆದವನು. ಎತ್ತರಕ್ಕೆ ಅಂಜದ ಮೈ ನಿನಗೆ ಮನೆಯಿಂದಲೇ ಬಂದಿದೆ. ಬೆಂಗಳೂರಿನಲ್ಲಿ ಹಗ್ಗದಲ್ಲಿ ಮರ ಹತ್ತಿ ಆರೈಕೆ ಮಾಡುವ ಈ ಕೆಲಸ ಕಲಿಯಲು ಬರುವ ಎಷ್ಟೋ ಹುಡುಗರಿಗೆ ಅದೊಂದು ದಕ್ಕಲು ತಿಂಗಳುಗಟ್ಟಲೆ ಬೇಕು. ಆದರೆ ಒಂದು ಗಮನಿಸು. ಅಡಿಕೆ ಮರದಲ್ಲಿ ಭಾರವೆಲ್ಲ ಕಾಲಿನ ಮೇಲೆ, ತೋಳಿನ ಮೇಲೆ. ಅಪಾಯ ಅನ್ನಿಸಿದ ಕೂಡಲೇ ಮೈ ತಾನಾಗಿ ಮರವನ್ನು ತಬ್ಬಿಕೊಳ್ಳುತ್ತದೆ. ನಮ್ಮ ಕೆಲಸದಲ್ಲಿ ಅಪಾಯ ಅನ್ನಿಸಿದಾಗ ಮಾಡಬೇಕಾದದ್ದು ಕೈ ಬಿಟ್ಟು ಹಾರ್ನೆಸ್‌ನಲ್ಲಿ ಕೂರುವುದು. ಈ ಅಭ್ಯಾಸ ಮೈಗೆ ಇಳಿಯುವವರೆಗೆ ನೀನು ಹೊಸಬನೇ. ಹಗ್ಗವನ್ನು ಸಡಿಲ ಬಿಟ್ಟುಕೊಂಡು, ಕಾಲಿನ ಧೈರ್ಯವೊಂದನ್ನೇ ನೆಚ್ಚಿ ನೀನು ಕೊಂಬೆಯ ಮೇಲೆ ಓಡಾಡುವುದನ್ನು ಕಂಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಡಬಲ್ ರೋಪಿನಲ್ಲಿ ಹಗ್ಗ ಒಂದೇ. ಅದು ಮೇಲಿನ ಕವಲಿನ ಮೇಲೆ ಹಾದು ಎರಡು ಎಳೆಯಾಗಿ ನಿನ್ನ ಬಳಿ ಬರುತ್ತದೆ. ಒಂದು ತುದಿಯನ್ನು ಹಾರ್ನೆಸ್‌ಗೆ ಕಟ್ಟಿರುತ್ತೀಯ. ಇನ್ನೊಂದು ಎಳೆಯನ್ನು ಹಾರ್ನೆಸ್‌ಗೇ ಸೇರಿದ ಗಂಟು ಹಿಡಿದುಕೊಂಡಿರುತ್ತದೆ. ನೀನು ಏರಿದಷ್ಟೂ ಹಗ್ಗ ಕವಲಿನ ಮೇಲೆ ಓಡುತ್ತದೆ. ಒಂದು ಮೀಟರ್ ಏರಲು ಎರಡು ಮೀಟರ್ ಹಗ್ಗ ಎಳೆಯಬೇಕು, ನಿಜ. ಅದಕ್ಕೆ ಬದಲಾಗಿ ನಿನ್ನ ಭಾರ ಎರಡೂ ಎಳೆಗೆ ಹಂಚಿಹೋಗುತ್ತದೆ. 80 ಕೆ.ಜಿ. ತೂಗುವವನ ಗಂಟಿನ ಮೇಲೆ ಬೀಳುವುದು ಸುಮಾರು 40. ಕವಲಿನ ಉಜ್ಜಾಟದಿಂದ ಈ ಲೆಕ್ಕ ಸ್ವಲ್ಪ ಅತ್ತಿತ್ತ ಆಗುತ್ತದೆ, ಆದರೆ ಮೂಲ ಸಂಗತಿ ಇದೇ. ಅರ್ಧ ಭಾರ ಹೊತ್ತ ಗಂಟು ಬೆರಳಿಗೆ ಮಣಿಯುತ್ತದೆ. ಏರಲಿಕ್ಕೂ ಅದೇ ಗಂಟು, ಇಳಿಯಲಿಕ್ಕೂ ಅದೇ ಗಂಟು. ಮೇಲೆ ಕೂತು ಒಂದನ್ನು ಬಿಚ್ಚಿ ಇನ್ನೊಂದನ್ನು ಹಾಕುವ ಕೆಲಸವೇ ಇಲ್ಲ. ಹೊಸಬರಿಗೆ ಅನಾಹುತ ಆಗುವುದು ಹೆಚ್ಚಾಗಿ ಆ ಬಿಚ್ಚಿ ಹಾಕುವ ಗಳಿಗೆಯಲ್ಲೇ.

ಇದರಲ್ಲಿ ಕಷ್ಟವೂ ಇದೆ. ತೋಳು, ಭುಜ ಬೇಗ ಸೋಲುತ್ತವೆ. ಎತ್ತರದ ಮರಕ್ಕೆ ಹೋದಷ್ಟೂ ಅದು ಗೊತ್ತಾಗುತ್ತದೆ. ಇನ್ನೊಂದು, ಹಗ್ಗ ಹಸಿ ತೊಗಟೆಯ ಮೇಲೆ ಹಿಂದೆ ಮುಂದೆ ಓಡುವುದರಿಂದ ಮರಕ್ಕೂ ಗಾಯ, ಹಗ್ಗಕ್ಕೂ ಸವೆತ. ಎರಡು ಉಂಗುರವಿರುವ ಪಟ್ಟಿ ಬರುತ್ತದಲ್ಲ, ಕೇಂಬಿಯಂ ಸೇವರ್, ಅದನ್ನು ಕವಲಿಗೆ ಸುತ್ತಿ ಅದರೊಳಗೆ ಹಗ್ಗ ಓಡಿಸು. ಮರದ ಆರೈಕೆಗೆಂದು ಹತ್ತಿದವನು ತನ್ನ ಹಗ್ಗದಿಂದಲೇ ಮರದ ಸಿಪ್ಪೆ ಸುಲಿದು ಬರಬಾರದು.

ಗಂಟುಗಳಲ್ಲಿ ಮೊದಲು ಬ್ಲೇಕ್ಸ್ ಹಿಚ್ ಕಲಿ. ಇದಕ್ಕೆ ಬೇರೆ ದಾರ ಬೇಡ, ಹಗ್ಗದ ತುದಿಯನ್ನೇ ಉದ್ದ ಬಿಟ್ಟುಕೊಂಡು ಕಟ್ಟಬಹುದು. ಓಡುವ ಎಳೆಯ ಸುತ್ತ ಕೆಳಗಿನಿಂದ ಮೇಲಕ್ಕೆ ನಾಲ್ಕು ಸುತ್ತು. ಆಮೇಲೆ ತುದಿ ಕೆಳಗಿಳಿದು, ಹಾರ್ನೆಸ್ ಕಡೆಯಿಂದ ಬಂದ ಎಳೆಯ ಮುಂದೆ ಹಾದು, ಓಡುವ ಹಗ್ಗದ ಹಿಂದೆ ನುಸುಳಿ, ಕೆಳಗಿನ ಎರಡು ಸುತ್ತಿನ ಒಳಗಿಂದ ಹೊರಗೆ ಬರಬೇಕು. ಹಾರ್ನೆಸ್ ಕಡೆಯ ಆ ಎಳೆಯನ್ನು ಬಳಸದೆ ತುದಿಯನ್ನು ನೇರವಾಗಿ ಒಳಗೆ ತುರುಕಿದರೂ ನೋಡಲು ಗಂಟು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಭಾರ ಬಿದ್ದಾಗ ಮಾತ್ರ ಹಿಡಿಯುವುದಿಲ್ಲ. ಹಾಗಾಗಿ ಕಟ್ಟಿದ ಮೇಲೆ ಆ ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡು. ಸುತ್ತುಗಳು ಒಂದರ ಮೇಲೊಂದು ಹತ್ತದೆ ಸಾಲಾಗಿ ಕೂತಿರಬೇಕು. ತುದಿಗೆ ಎಂಟರಾಕಾರದ ಗಂಟು ಹಾಕು. ಮೊಣಕಾಲೆತ್ತರದಲ್ಲಿ ಪೂರ್ತಿ ಭಾರ ಬಿಟ್ಟು ಕೂತು ನೋಡಿದ ಮೇಲೆ ಏರು. ದಿನವೂ, ಪ್ರತಿ ಮರಕ್ಕೂ, ಹೀಗೆಯೇ.

ಇಳಿಯುವಾಗ ನಿಧಾನ. ಸರ್ರನೆ ಜಾರಿದರೆ ಉಜ್ಜಾಟದ ಬಿಸಿಗೆ ಗಂಟಿನ ಒಳಮೈ ಕರಗಿ ಹೊಳಪು ಬರುತ್ತದೆ. ಬೆರಳಾಡಿಸಿದರೆ ಆ ಭಾಗ ಗಟ್ಟಿಯಾಗಿ, ನುಣುಪಾಗಿ ಸಿಗುತ್ತದೆ. ಸಿಕ್ಕಿತೋ, ಅಷ್ಟುದ್ದ ಕತ್ತರಿಸಿ ಎಸೆ. ಹಗ್ಗ ಮೋಟಾಗುತ್ತದೆ ಎಂದು ನೋಡಬೇಡ. ಇದೇ ಕಾರಣಕ್ಕೆ ಸ್ವಲ್ಪ ಪಳಗಿದವರು ಬಿಸಿ ತಾಳುವ ನೂಲಿನ ಬೇರೆ ತುಂಡು ದಾರದಲ್ಲಿ ಡಿಸ್ಟೆಲ್, ವಿಟಿ ಮುಂತಾದ ಗಂಟು ಕಟ್ಟಿ, ಕೆಳಗೊಂದು ಸಣ್ಣ ರಾಟೆ ಇಟ್ಟುಕೊಳ್ಳುತ್ತಾರೆ. ದಾರ ಸವೆದರೆ ದಾರ ಮಾತ್ರ ಬದಲಾಯಿಸಿದರಾಯಿತು. ಈ ಬಗೆಯ ಹಿಡಿತದ ಗಂಟುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಪ್ರೂಸಿಕ್. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಅದನ್ನು ಪ್ರಕಟಿಸಿದರು. ಅದು ಗಟ್ಟಿ ಹಿಡಿಯುತ್ತದೆ, ಆದರೆ ಬಿಡಿಸುವಾಗ ಸತಾಯಿಸುತ್ತದೆ. ಆಧಾರಕ್ಕೆ ಒಳ್ಳೆಯದು, ದಿನದ ಓಡಾಟಕ್ಕೆ ಅಲ್ಲ.

ಗಂಟಿನ ವಿಚಾರದಲ್ಲಿ ಇನ್ನೊಂದು ಮಾತು ನಿನಗೇ ಎಂದು ಹೇಳುವುದು. ಗಾಬರಿಯಾದಾಗ ಮನುಷ್ಯನ ಕೈ ಹತ್ತಿರ ಇದ್ದದ್ದನ್ನು ಹಿಸುಕುತ್ತದೆ. ಇಳಿಯುವಾಗ ಕೈ ಇರುವುದು ಗಂಟಿನ ಮೇಲೆಯೇ. ಹಿಸುಕಿ ಕೆಳಗೆ ಎಳೆದ ಗಂಟು ಹಿಡಿಯುವುದಿಲ್ಲ, ಜಾರುತ್ತಲೇ ಹೋಗುತ್ತದೆ. ಚಗಳಿ ಇರುವೆ ಕಚ್ಚಿದರೂ ಸರಿ, ಕಾಲು ಜಾರಿದರೂ ಸರಿ, ಗಂಟಿನಿಂದ ಕೈ ತೆಗೆದರೆ ಮಾತ್ರ ಅದು ನಿನ್ನನ್ನು ಹಿಡಿಯುತ್ತದೆ. ಆಳೆತ್ತರದಲ್ಲಿ ನೇತಾಡುತ್ತಾ, ಕೆಳಗಿನವನಿಗೆ ಇದ್ದಕ್ಕಿದ್ದ ಹಾಗೆ ಕೂಗಲು ಹೇಳಿ, ಕೂಗಿದ ಕೂಡಲೇ ಎರಡೂ ಕೈ ಬಿಡುವ ಅಭ್ಯಾಸ ಮಾಡು. ಅಡಿಕೆ ಮರದಲ್ಲಿ ಪಳಗಿದ ಕೈಗೆ ಇದು ಬಹಳ ಕಷ್ಟ. ಅದಕ್ಕೇ ಬಹಳ ಮಾಡಬೇಕು.

ಈಗ ಸಿಂಗಲ್ ರೋಪ್. ಅದರಲ್ಲಿ ಹಗ್ಗ ಅಲುಗುವುದಿಲ್ಲ, ನೀನು ಅದರ ಮೇಲೆ ಏರುತ್ತೀಯ. ಪಾದಕ್ಕೊಂದು, ಮೊಣಕಾಲಿಗೊಂದು, ಹಗ್ಗದ ಮೇಲೆ ಮೇಲಕ್ಕೆ ಮಾತ್ರ ಸರಿಯುವ ಅಸೆಂಡರ್ ಹಾಕಿಕೊಂಡರೆ ಕೆಲಸವೆಲ್ಲ ಕಾಲಿನದು, ತೋಳು ಉಳಿಯುತ್ತದೆ. 20 ಮೀಟರ್ ಮರದ ತುದಿ ಮುಟ್ಟುವಷ್ಟರಲ್ಲಿ ಡಬಲ್ ರೋಪಿನವನ ಭುಜ ಅರ್ಧ ಸೋತಿರುತ್ತದೆ, ಸಿಂಗಲ್ ರೋಪಿನವನು ಗರಗಸ ತೆಗೆಯಲು ಸಿದ್ಧನಾಗಿರುತ್ತಾನೆ. ನಮ್ಮಲ್ಲಿ ಈಗ ಹುಡುಗಿಯರೂ ಈ ಕೆಲಸಕ್ಕೆ ಆಸಕ್ತಿ ತೋರುತ್ತಿದ್ದಾರೆ. ತೋಳ್ಬಲವೇ ಎಲ್ಲ ಎಂದು ಅವರನ್ನು ಹಿಂದೆ ತಳ್ಳುವವರಿಗೆ ಈ ಪದ್ಧತಿಯೇ ಉತ್ತರ. ಅದು ಒಳ್ಳೆಯದಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ.

ಆದರೆ ಇಲ್ಲಿ ಗಂಟಿನ ಮೇಲೆ ಬೀಳುವುದು ಅರ್ಧ ಭಾರವಲ್ಲ, ಪೂರ್ತಿ 80 ಕೆ.ಜಿ. ಬರೀ ಗಂಟು ಅಷ್ಟು ಭಾರಕ್ಕೆ ಕಚ್ಚಿ ಕೂರುತ್ತದೆ, ಬೆರಳಿಗೆ ಬಿಡಿಸಲು ಬಾರದು. ಗುಹೆ ಇಳಿಯುವವರಿಂದ ಬಂದ ಹಳೆಯ ಪದ್ಧತಿಯಲ್ಲಿ ಏರಲು ಒಂದು ಸಾಧನ, ಇಳಿಯಲು ಇನ್ನೊಂದು. ಕೊಂಬೆಯಿಂದ ಕೊಂಬೆಗೆ ಗಳಿಗೆಗೊಮ್ಮೆ ಏರಿಳಿಯುವ ನಮಗೆ ಅದು ಹೊಂದಲಿಲ್ಲ. ಕೆವಿನ್ ಬಿಂಗಮ್ ಎಂಬ ಅಮೆರಿಕದ ಮರ ಹತ್ತುವವರು ರೋಪ್ ರೆಂಚ್ ರೂಪಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ಗಂಟಿನ ಮೇಲ್ಗಡೆ ಅದು ಹಗ್ಗವನ್ನು ಸ್ವಲ್ಪ ಬಾಗಿಸಿ ಹಿಡಿದು ಭಾರದ ಒಂದು ಪಾಲನ್ನು ತಾನು ಹೊರುತ್ತದೆ. ಗಂಟು ಮತ್ತೆ ಬೆರಳಿಗೆ ಮಣಿಯುತ್ತದೆ. ಪೆಟ್ಸಲ್ ಕಂಪನಿಯ ಜಿಗ್‌ಜ್ಯಾಗ್ ಎಂಬ ಮೆಕ್ಯಾನಿಕಲ್ ಸಾಧನ ಸಿಂಗಲ್ ರೋಪಿಗೆ ಬೇಕೆಂದರೆ ಅದರ ಮೇಲೆ ಶಿಕೇನ್ ಎಂಬ ಇನ್ನೊಂದನ್ನು ಸೇರಿಸುವುದೂ ಇದೇ ಕಾರಣಕ್ಕೆ. ಈಗ ನಿನಗೆ ತಿಳಿದಿರಬೇಕು, ಡಬಲ್ ರೋಪಿನಲ್ಲಿ ಗಂಟಿನ ನಡತೆ ಗೊತ್ತಿಲ್ಲದವನಿಗೆ ರೋಪ್ ರೆಂಚ್ ಯಾಕಿದೆ ಎನ್ನುವುದೇ ಅರ್ಥವಾಗದು. ವಿಡಿಯೊ ನೋಡಿ ಅದನ್ನು ತರಿಸಿಕೊಂಡವನಿಗೆ ಜೋಡಿಸಲು ಬರುತ್ತದೆ. ಹಗ್ಗ ಒದ್ದೆಯಾದಾಗ ಅದು ಯಾಕೆ ಬೇರೆ ಥರ ವರ್ತಿಸುತ್ತದೆ ಎಂದು ಹೊಳೆಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ನಾನು ಹೇಳಬೇಕಾದದ್ದು ಕವಲಿನ ಮೇಲಿನ ಭಾರದ ಲೆಕ್ಕ. ಸಿಂಗಲ್ ರೋಪನ್ನು ಎರಡು ರೀತಿಯಲ್ಲಿ ಕಟ್ಟುತ್ತಾರೆ. ಒಂದು, ಹಗ್ಗವನ್ನು ಮೇಲಿನ ಕವಲಿಗೇ ಕುಣಿಕೆ ಹಾಕಿ ಬಿಗಿಯುವುದು. ಇನ್ನೊಂದು, ಹಗ್ಗವನ್ನು ಕವಲಿನ ಮೇಲೆ ಹಾಯಿಸಿ ಆಚೆ ತುದಿಯನ್ನು ಮರದ ಬುಡಕ್ಕೆ ಕಟ್ಟುವುದು. ಎರಡನೆಯದು ಸಲೀಸು, ತೂಕದ ಚೀಲ ಕಟ್ಟಿ ಎಸೆಯುವ ತೆಳು ದಾರ, ಎಂದರೆ ಥ್ರೋ ಲೈನ್, ಯಾವ ಕವಲಿಗೆ ಬಿದ್ದರೂ ಕೆಲಸ ಶುರು ಮಾಡಬಹುದು. ಅದಕ್ಕೇ ಹುಡುಗರಿಗೆ ಇಷ್ಟ. ಆದರೆ ನೀನು ಈಚೆಯಿಂದ 80 ಕೆ.ಜಿ. ಎಳೆದರೆ ಬುಡದ ಎಳೆಯೂ ಆಚೆಯಿಂದ ಅಷ್ಟೇ ಎಳೆಯುತ್ತದೆ. ಕವಲಿನ ಮೇಲೆ ಬೀಳುವುದು 160 ಕೆ.ಜಿ.ಗೆ ಹತ್ತಿರ. ತೊಗಟೆಯ ಉಜ್ಜಾಟ ಅದರಲ್ಲಿ ಸ್ವಲ್ಪ ಕಳೆದರೆ, ನೀನು ಕುಲುಕಿ ಕುಲುಕಿ ಏರುವುದು ಅಷ್ಟನ್ನೂ ಮತ್ತೆ ಸೇರಿಸುತ್ತದೆ. ಡಬಲ್ ರೋಪಿನಲ್ಲಿ, ಅಥವಾ ಮೇಲೆಯೇ ಬಿಗಿದ ಸಿಂಗಲ್ ರೋಪಿನಲ್ಲಿ, ಅದೇ ಕವಲು ಹೊರುವುದು ನಿನ್ನ ತೂಕವನ್ನಷ್ಟೇ. ತೋಳು ಗಾತ್ರದ ಕೊಂಬೆಯ ಪಾಲಿಗೆ ಈ ವ್ಯತ್ಯಾಸ ಎಂದರೆ ನಿಲ್ಲುವುದಕ್ಕೂ ಮುರಿಯುವುದಕ್ಕೂ ಇರುವ ವ್ಯತ್ಯಾಸ.

ನಾವು ಹತ್ತುವ ಮರಗಳು ಯಾವುವು ನೋಡು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಲಾಲ್‌ಬಾಗನ್ನು ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಅವರು, ಒಂದರ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು ಎಂಬ ಲೆಕ್ಕದಲ್ಲಿ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದರು. ಆ ಹೂವಿನ ಸಾಲು ನೋಡುವಾಗ ನನಗೆ ಇಂದಿಗೂ ಮನಸ್ಸು ತುಂಬುತ್ತದೆ. ಆದರೆ ಹತ್ತುವವನು ಹೂವಿನ ಜತೆ ಕಟ್ಟಿಗೆಯನ್ನೂ ನೋಡಬೇಕು. ಮಡಗಾಸ್ಕರಿನಿಂದ ಬಂದ ಗುಲ್‌ಮೊಹರ್ ಕೊಂಬೆ ಮುನ್ಸೂಚನೆ ಇಲ್ಲದೆ ಲಟಕ್ಕನೆ ಮುರಿಯುವ ಜಾತಿ, ವಯಸ್ಸಾದ ಮರ ಒಳಗೇ ಪೊಳ್ಳಾಗಿರುತ್ತದೆ. ಆಫ್ರಿಕಾದ ನೀರುಕಾಯಿ ಮರದ್ದು ಮೆದು ಕಟ್ಟಿಗೆ. ಸಿಲ್ವರ್ ಓಕ್ ಬೊಡ್ಡೆ ನೆಟ್ಟಗೆ ನಿಂತಿದ್ದರೂ ಅದರ ರೆಂಬೆಯನ್ನು ನಂಬುವ ಹಾಗಿಲ್ಲ. ಇಂಥ ಮರಗಳಲ್ಲಿ ಬುಡಕ್ಕೆ ಕಟ್ಟಿದ ಸಿಂಗಲ್ ರೋಪ್ ಹೊಸಬನ ಕೈಗೆ ಕೊಡಲು ನನಗೆ ಧೈರ್ಯವಿಲ್ಲ. ಹುಣಸೆಯ ಕವಲಾದರೆ ಮಾತು ಬೇರೆ.

ಮಳೆಮರ ಕಲಿಯಲು ಒಳ್ಳೆಯ ಗುರು. ಅದರ ಕೊಂಬೆ ರಸ್ತೆಯ ಆಚೆ ಬದಿಯವರೆಗೂ ಅಡ್ಡ ಚಾಚುತ್ತದೆ. ನೀನು ತುದಿಗೆ ನಡೆದಷ್ಟೂ ಹಗ್ಗ ಮಲಗುತ್ತಾ ಹೋಗುತ್ತದೆ. ಮಲಗಿದ ಹಗ್ಗದಲ್ಲಿ ಕಾಲು ಜಾರಿದರೆ ನೇರ ಬೀಳುವುದಿಲ್ಲ, ತೂಗಿಕೊಂಡು ಹೋಗಿ ಬೊಡ್ಡೆಗೆ ಬಡಿಯುತ್ತೀಯ. ಅದಕ್ಕೆ ಆಧಾರದ ಕವಲು ಆದಷ್ಟು ಎತ್ತರದಲ್ಲಿ, ಆದಷ್ಟು ಮರದ ನಡುವೆ ಇರಬೇಕು. ಪ್ರತಿ ಹೆಜ್ಜೆಗೂ ಹಗ್ಗ ಬಿಗಿಯಾಗಿರಬೇಕು. ಡಬಲ್ ರೋಪಿನಲ್ಲಿ ಒಂದೊಂದೇ ಗೇಣು ಹಗ್ಗ ಬಿಡುತ್ತಾ ಹೋಗಿ, ಒಂದೊಂದೇ ಗೇಣು ಎಳೆದುಕೊಳ್ಳುತ್ತಾ ವಾಪಸು ಬರುವುದು ಇಲ್ಲಿ ಚೆನ್ನಾಗಿ ರೂಢಿಯಾಗುತ್ತದೆ.

ಕವಲು ನೋಡುವ ಮುಂಚೆ ಬುಡ ನೋಡು. ಫುಟ್‌ಪಾತ್‌ಗೋ ಚರಂಡಿಗೋ ಅಗೆದಾಗ ಒಂದು ಬದಿಯ ಬೇರೆಲ್ಲ ಹೋಗಿರುವ ಮರ ಈ ಊರಿನಲ್ಲಿ ಬೇಕಾದಷ್ಟಿವೆ. ಬುಡದಲ್ಲಿ ಗಟ್ಟಿ ಅಣಬೆ ಕಂಡರೆ ಒಳಗೆ ಕೊಳೆತಿದೆ ಎಂದೇ ತಿಳಿ. ಆಮೇಲೆ ದುರ್ಬೀನು ಹಿಡಿದು ಕವಲು ನೋಡು. ಹಗ್ಗ ಹಾಕಿದ ಮೇಲೆ ಇಬ್ಬರು ಸೇರಿ ಜೋತುಬಿದ್ದು ಜಗ್ಗಿ. ನೀನೊಬ್ಬನೇ ಜಗ್ಗಿದರೆ ಗೊತ್ತಾಗುವುದು ನಿನ್ನ ತೂಕದ ವಿಷಯ ಮಾತ್ರ. ಕರೆಂಟ್ ತಂತಿಯ ಹತ್ತಿರ ಥ್ರೋ ಲೈನ್ ಎಸೆಯಬೇಡ. ಲೈನ್ ಬಂದ್ ಆಗಿದೆ ಎಂದು ಬೆಸ್ಕಾಂನವರೇ ನಿಂತು ಹೇಳುವವರೆಗೆ ಚೀಲ ಕೈಯಲ್ಲೇ ಇರಲಿ.

ಇನ್ನು, ಪ್ರಜ್ಞೆ ತಪ್ಪಿದರೆ ಕೆಳಗಿಳಿಸುವವರು ಯಾರು ಎಂದು ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಬ್ರಿಟನ್‌ನಲ್ಲಿ ಈ ಕೆಲಸ ಕಲಿಯುವವರಿಗೆ ಮರ ಹತ್ತುವುದು, ಮರದಲ್ಲಿ ಸಿಕ್ಕಿಕೊಂಡವರನ್ನು ಇಳಿಸುವುದು ಎರಡೂ ಸೇರಿ ಒಂದೇ ಪರೀಕ್ಷೆ, ಸಿಎಸ್ 38 ಎಂದು ಅದರ ಹಳೆಯ ಹೆಸರು. ಹಗ್ಗದಲ್ಲಿ ನೇತಾಡುತ್ತಾ ಚೈನ್‌ಸಾ ಹಿಡಿಯುವುದು ಅದಾದ ಮೇಲಿನ ಬೇರೆ ಪರೀಕ್ಷೆ. ಆರ್ಬರಿಸ್ಟರ ಅಂತರರಾಷ್ಟ್ರೀಯ ಮರ ಹತ್ತುವ ಸ್ಪರ್ಧೆಯಲ್ಲೂ ವೇಗದ ಜತೆಗೆ ರಕ್ಷಣೆಯೂ ಒಂದು ಸುತ್ತು. ಯಾಕೆಂದರೆ ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುವ ಮನುಷ್ಯನಿಗೆ ಹೊತ್ತು ಬಹಳ ಇಲ್ಲ. ರಕ್ತ ಕಾಲಿನಲ್ಲಿ ನಿಂತುಬಿಡುತ್ತದೆ. ಅಗ್ನಿಶಾಮಕ ದಳದವರಿಗೆ ಫೋನು ಮಾಡಿ, ಅವರು ಈ ಟ್ರಾಫಿಕ್‌ನಲ್ಲಿ ಏಣಿ ತಂದು ನಿಲ್ಲಿಸುವವರೆಗೆ ಕಾಯುವುದು ಯೋಜನೆ ಅನ್ನಿಸಿಕೊಳ್ಳುವುದಿಲ್ಲ. ಕೆಳಗೆ ನಿಂತವನಿಗೆ ಹತ್ತಲು ಬರಬೇಕು. ಅವನ ಹಾರ್ನೆಸ್ ಮೈಮೇಲೇ ಇರಬೇಕು. ಇನ್ನೊಂದು ಹಗ್ಗ ಅದೇ ಮರದಲ್ಲಿ ಹಾಕಿ ಸಿದ್ಧವಾಗಿರಬೇಕು. ನೀನು ಬಳಸುವ ಗಂಟನ್ನು, ಸಾಧನವನ್ನು ಬಿಡಿಸಲು ಅವನ ಕೈಗೂ ಬರಬೇಕು. ನಿನ್ನ ಹತ್ತಿರ ಲೋಕದಲ್ಲೇ ಉತ್ತಮ ಸಾಧನವಿದ್ದು, ಕೆಳಗಿನವನು ಅದನ್ನು ಒಮ್ಮೆಯೂ ಮುಟ್ಟಿರದಿದ್ದರೆ ಆ ದಿನ ಅದು ನಿನಗೆ ಬೇಡ. ಇಬ್ಬರೂ ಬಲ್ಲ ಬ್ಲೇಕ್ಸ್ ಹಿಚ್ಚೇ ಕಟ್ಟು.

ಒಂದು ಕಡೆ ಸಿಂಗಲ್ ರೋಪೇ ಮೇಲು. ಬುಡಕ್ಕೆ ಕಟ್ಟುವ ತುದಿಯನ್ನು ಗಂಟು ಹಾಕಿ ಮುಗಿಸದೆ, ಬಿಡುತ್ತಾ ಇಳಿಸಬಲ್ಲ ಬ್ರೇಕಿನ ಮೂಲಕ ಕಟ್ಟಿದ್ದರೆ, ಕೆಳಗಿನವನು ಮರ ಹತ್ತದೆಯೇ ನಿನ್ನನ್ನು ನೆಲಕ್ಕೆ ತರಬಹುದು. ಹೆಜ್ಜೇನು ಎದ್ದ ಮರಕ್ಕೆ ಯಾರನ್ನು ತಾನೆ ಹತ್ತಿಸುತ್ತೀಯ? ಆದರೆ ಅದಕ್ಕೆ ಹಗ್ಗ ಸಾಕಷ್ಟು ಇರಬೇಕು. 15 ಮೀಟರ್ ಎತ್ತರದ ಕವಲು ಎಂದಿಟ್ಟುಕೊ. ನೇತಾಡುವ ಎಳೆ 15, ಬುಡಕ್ಕೆ ಇಳಿಯುವ ಎಳೆ 15, ನಿನ್ನನ್ನು ಇಳಿಸಲು ಬಿಡಬೇಕಾದದ್ದು ಇನ್ನೊಂದು 15. ಅಲ್ಲಿಗೆ 45 ಮೀಟರಿನ ಹಗ್ಗ ಮುಗಿಯಿತು. ಅದೇ 45 ಮೀಟರ್ ಡಬಲ್ ರೋಪಿನಲ್ಲಿ 20 ಮೀಟರ್ ಚಿಲ್ಲರೆ ಎತ್ತರಕ್ಕೆ ಸಾಕು. ಎಲ್ಲೇ ಆಗಲಿ ಹಗ್ಗದ ತುದಿಯಲ್ಲಿ ತಡೆಗಂಟು ಇರಲೇಬೇಕು. ಹಗ್ಗ ನೆಲ ಮುಟ್ಟಿದೆ ಎಂದುಕೊಂಡು ತುದಿಯಿಂದಾಚೆ ಇಳಿದವರಿದ್ದಾರೆ. ಬುಡದ ಎಳೆಯ ಹತ್ತಿರ ಗರಗಸ, ಮಚ್ಚು ಹಿಡಿದವರು ಸುಳಿಯಬಾರದು. ಕೆಳಗೆ ಬಿದ್ದ ಕೊಂಬೆ ಸವರುವವನ ಒಂದು ಏಟು ಸಾಕು. ಇನ್ನು ಹೆಜ್ಜೇನಿನ ಗೂಡು ಮೊದಲೇ ಕಣ್ಣಿಗೆ ಬಿದ್ದರೆ ಆ ಮರ ಆ ದಿನ ಹತ್ತುವಂತಿಲ್ಲ. ಮಾಲೀಕರು ಎಷ್ಟೇ ಅವಸರ ಮಾಡಲಿ.

ಮೆಕ್ಯಾನಿಕಲ್ ಸಾಧನ ಸದ್ಯಕ್ಕೆ ಬೇಡ ಎಂದೆನಲ್ಲ, ಬೆಲೆ ಒಂದೇ ಕಾರಣವಲ್ಲ. ನಮ್ಮ ಮರಗಳಿಗೆ ಹಾಲಿದೆ. ಹಲಸು, ಆಲ, ಅರಳಿ, ಅತ್ತಿ ಯಾವುದರ ರೆಂಬೆ ಕೊಯ್ದರೂ ಮೇಣ ಹಗ್ಗಕ್ಕೆ ಮೆತ್ತುತ್ತದೆ. ಹಲಸಿನ ಮೇಣ ಒಣಗಿ ಹಗ್ಗದ ಮೇಲೆ ಗಂಟು ಗಂಟಾಗಿ ಕೂರುತ್ತದೆ. ಕೈಗಂಟು ಅಲ್ಲಿ ತಡವರಿಸುತ್ತದೆ, ಅಷ್ಟೇ. ಬೆರಳಿಗೆ ಗೊತ್ತಾಗುತ್ತದೆ, ದಾರ ಬದಲಾಯಿಸುತ್ತೀಯ. ಸಾಧನದ ಒಳಗೆ ಅದೇ ಮೇಣ, ಮರದ ಪುಡಿ, ಮಣ್ಣು ಸೇರಿದರೆ ಒಮ್ಮೆ ಗಪ್ಪನೆ ಕಚ್ಚುತ್ತದೆ, ಒಮ್ಮೆ ತಡವಾಗಿ ಹಿಡಿಯುತ್ತದೆ. ಮಳೆಯಲ್ಲಿ ನೆನೆದ ಹಗ್ಗದ ಮೇಲೂ ಹೀಗೆಯೇ, ಗಂಟು ಬಿಗಿಯಾಗುತ್ತದೆ, ಲೋಹ ಹೆಚ್ಚು ಜಾರುತ್ತದೆ. ಪಳಗಿದವನು ಇಳಿಯುವ ವೇಗದಲ್ಲೇ ಅದನ್ನು ಸರಿದೂಗಿಸಿಕೊಳ್ಳುತ್ತಾನೆ. ನಿನಗೆ ಆ ಅಂದಾಜು ಬರಬೇಕಾದರೆ ಗಂಟಿನಿಂದಲೇ ಬರಬೇಕು. ಮುಂದೆ ಕೊಳ್ಳುವಾಗಲೂ ನಿನ್ನ ಹಗ್ಗದ ದಪ್ಪ ಆ ಸಾಧನಕ್ಕೆ ಒಪ್ಪುತ್ತದೆಯೇ ಎಂದು ಅದರ ಮೇಲೆಯೇ ಬರೆದಿರುವುದನ್ನು ಓದಿ ಕೊಳ್ಳು.

ಹಗ್ಗದ ವಿಷಯದಲ್ಲಿ ಚೌಕಾಸಿ ಬೇಡ. ಒಳಗೆ ತಿರುಳು, ಹೊರಗೆ ಹೆಣೆದ ಹೊದಿಕೆ ಇರುವ, ಹೆಚ್ಚು ಹಿಗ್ಗದ, 11.5ರಿಂದ 13 ಮಿಲಿಮೀಟರ್ ದಪ್ಪದ ಹಗ್ಗ ತೆಗೆದುಕೊ. ಇಎನ್ 1891, ಎ ವರ್ಗ ಎಂದು ಲೇಬಲ್ಲಿನಲ್ಲಿ ಇರಬೇಕು. 22 ಕಿಲೋನ್ಯೂಟನ್, ಎಂದರೆ ಸುಮಾರು ಎರಡು ಸಾವಿರದ ಇನ್ನೂರು ಕೆ.ಜಿ. ಎಳೆತ ತಾಳಬೇಕೆಂಬುದು ಅದರ ಷರತ್ತು. ಅಷ್ಟೆಲ್ಲ ಯಾಕೆ ಎನ್ನಬೇಡ. ಗಂಟು ಬಿದ್ದಲ್ಲಿ, ಅಂಚಿಗೆ ಮಡಿಸಿದಲ್ಲಿ, ಬಿಸಿಲಿಗೆ ಬಿದ್ದಷ್ಟೂ ಆ ಬಲ ಕಡಿಮೆಯಾಗುತ್ತಾ ಬರುತ್ತದೆ. ಬಂಡೆ ಹತ್ತುವವರ ಹಿಗ್ಗುವ ಹಗ್ಗ ಬೇರೆ ಕೆಲಸಕ್ಕೆ. ಲಾರಿಗೆ ಕಟ್ಟುವ ನೈಲಾನ್ ಹಗ್ಗ ಕೊಂಬೆ ಇಳಿಸಲಿಕ್ಕೂ ಬೇಡ. ಕಟ್ಟಡ ಕೆಲಸದ, ಬೆನ್ನಿಗೆ ರಿಂಗ್ ಇರುವ ಬೆಲ್ಟ್ ಅಗ್ಗಕ್ಕೆ ಸಿಗುತ್ತದೆ ಎಂದು ತರಬೇಡ. ಬೆನ್ನಿನಿಂದ ನೇತಾಡುತ್ತಾ ಗರಗಸ ಆಡಿಸಲು ಆಗುವುದಿಲ್ಲ. ಕೂರುವ ಹಾರ್ನೆಸ್ ಬೇಕು, ಸೊಂಟದ ಮುಂದೆ ಆಧಾರ ಬರಬೇಕು. ಯಾರೋ ಬಳಸಿ ಮಾರುವ ಹಗ್ಗ, ಹಾರ್ನೆಸ್ ಎಷ್ಟೇ ಹೊಸದಾಗಿ ಕಂಡರೂ ಮುಟ್ಟಬೇಡ. ಅದಕ್ಕೆ ಏನೇನಾಗಿದೆ ಎಂದು ಯಾರಿಗೂ ಗೊತ್ತಿಲ್ಲ. ಬ್ರಿಟನ್‌ನಲ್ಲಿ ಇವನ್ನೆಲ್ಲ ಆರು ತಿಂಗಳಿಗೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸುವುದು ಕಾನೂನು. ನಮ್ಮಲ್ಲಿ ಕೇಳುವವರಿಲ್ಲ ಎಂದು ಬಿಡಬೇಡ. ಒಂದು ನೋಟ್‌ಬುಕ್ಕಿನಲ್ಲಿ ಯಾವ ಹಗ್ಗ ಎಂದು ಬಂತು, ಎಂದು ನೋಡಿದೆ, ಏನು ಕಂಡಿತು ಎಂದು ಬರೆದಿಡು.

ಗರಗಸದ ಮಾತು ಚಿಕ್ಕದು. ಮೊದಲ ವರ್ಷ ಮೇಲೆ ಕೈಗರಗಸ ಮಾತ್ರ. ಭಾರ ಹೊತ್ತು ಬಿಗಿದ ಹಗ್ಗಕ್ಕೆ ಅದರ ಹಲ್ಲು ಸೋಕಿದರೂ ಸಾಕು, ಎಣಿಸುವಷ್ಟರಲ್ಲಿ ಹರಿಯುತ್ತದೆ. ಹಾಗಾಗಿ ಗರಗಸ ಒರೆಯಿಂದ ತೆಗೆಯುವ ಮುಂಚೆ ಲ್ಯಾನ್ಯಾರ್ಡ್ ಎಂಬ ಗಿಡ್ಡ ಹಗ್ಗದಿಂದ ಇನ್ನೊಂದು ಕಡೆಯೂ ಕಟ್ಟಿಕೊ. 2020ರ ಹೊತ್ತಿಗೆ ಬ್ರಿಟನ್‌ನ ವೃತ್ತಿ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ಒಂದು ಹಗ್ಗ ಸೋತರೆ ಇನ್ನೊಂದು ಹಿಡಿಯಬೇಕು ಎನ್ನುವುದನ್ನು ಏರಿಳಿಯುವಾಗಲೂ ಸಾಮಾನ್ಯ ನಿಯಮವಾಗಿ ಮಾಡಿತು. ನಾವೂ ಅಲ್ಲಿಗೆ ಬರಬೇಕು. ಕಾಲಿಗೆ ಕಟ್ಟುವ ಕಬ್ಬಿಣದ ಸ್ಪೈಕ್ ಕಡಿದು ಹಾಕುವ ಮರಕ್ಕೆ ಮಾತ್ರ. ಬದುಕಬೇಕಾದ ಮರಕ್ಕೆ ಪ್ರತಿ ಹೆಜ್ಜೆಗೂ ಒಂದು ತೂತು ಕೊರೆದು ಹತ್ತುವುದು ಆರೈಕೆಯಲ್ಲ.

ರಜೆಗೆ ಊರಿಗೆ ಹೋದಾಗ ನೀನು ಈ ಹಗ್ಗ ಒಯ್ಯಬೇಕು ಎಂಬ ಆಸೆ ನನಗಿದೆ. ಕಾಫಿ ತೋಟಗಳಲ್ಲಿ ಮರಗಸಿ ಮಾಡುವವರು ಇಂದಿಗೂ ಸೊಂಟಕ್ಕೊಂದು ಕತ್ತಿ ಸಿಕ್ಕಿಸಿಕೊಂಡು ಬರಿಗೈಯಲ್ಲಿ ಹತ್ತುತ್ತಾರೆ. ಬಿದ್ದವರ ಸುದ್ದಿ ಮಲೆನಾಡಿನಲ್ಲಿ ಯಾರಿಗೂ ಹೊಸದಲ್ಲ. ಅವರಿಗೆ ಬೇಕಾದದ್ದು ವಿದೇಶಿ ಸಾಧನವಲ್ಲ. ಒಂದು ಒಳ್ಳೆಯ ಹಗ್ಗ, ಒಂದು ಹಾರ್ನೆಸ್, ಸರಿಯಾಗಿ ಕಟ್ಟಿದ ಒಂದು ಗಂಟು, ಕಲಿಸುವ ಒಬ್ಬ. ಡಬಲ್ ರೋಪನ್ನು ಮೊದಲು ಕಲಿ ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಅದನ್ನು ಇನ್ನೊಬ್ಬರಿಗೆ ಕಲಿಸಬಹುದು, ಕಡಿಮೆ ದುಡ್ಡಿನಲ್ಲಿ.

ಸಿಂಗಲ್ ರೋಪಿಗೆ ಯಾವಾಗ ಬರಬಹುದು ಎಂದು ನೀನು ಮತ್ತೆ ಕೇಳುತ್ತೀಯ. ಗ್ಲೌಸ್ ಹಾಕಿಕೊಂಡು, ಕಣ್ಣು ಮುಚ್ಚಿ ಗಂಟು ಕಟ್ಟಿ, ಅದು ಸರಿ ಇದೆ ಎಂದು ಬೆರಳಿನಿಂದಲೇ ಹೇಳಲು ಬರಬೇಕು. ಮಳೆಮರದ ಕೊಂಬೆಯ ತುದಿಗೆ ಹೋಗಿ ಒಮ್ಮೆಯೂ ತೂಗಾಡದೆ ವಾಪಸು ಬರಬೇಕು. ಮೈ ಬಿಟ್ಟು ನೇತಾಡುವ ಜತೆಗಾರನನ್ನು ನೀನು ಹತ್ತಿಹೋಗಿ ನೆಲಕ್ಕೆ ತರಬೇಕು, ಹಾಗೆಯೇ ನಿನ್ನನ್ನು ಅವನು ತರಬೇಕು; ಇಬ್ಬರೂ, ಅವಸರವಿಲ್ಲದೆ, ತಡವೂ ಇಲ್ಲದೆ. ಅಷ್ಟಾದ ದಿನ ನನಗೊಂದು ಫೋನು ಮಾಡು. ನನ್ನ ರೋಪ್ ರೆಂಚ್ ತರುತ್ತೇನೆ, ಕೆಳಗಿನ ಕೊಂಬೆಯಲ್ಲಿ ಒಂದಷ್ಟು ದಿನ ಅದರ ಮೇಲೆ ಏರಿಳಿದು ನೋಡು. ನಿನ್ನದನ್ನು ಕೊಳ್ಳುವುದು ಅದಾದ ಮೇಲೆ.